ಕೆರೆ ಕಟ್ಟಿಸಿದವರು ಯಾರು

ನಮ್ಮ ಸೀಮೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಸಿರಸಿಯಲ್ಲಿ ನನ್ನ ಬಿ.ಎ. ಕೊನೆಯ ವರ್ಷ. ಇತಿಹಾಸದ ಮಾಸ್ತರರು ಎಲ್ಲರಿಗೂ ಒಂದೊಂದು ಸಂಶೋಧನಾ ಪ್ರಬಂಧ ಬರೆಯಲು ಹೇಳಿದರು. ಅಲ್ಲಿಯವರೆಗೆ ಇತಿಹಾಸವೆಂದರೆ ನನಗೆ ಬರೀ ಬಾಯಿಪಾಠ.

"ಮೊದಲು ಪ್ರಶ್ನೆ, ಆಮೇಲೆ ಆಧಾರ, ಕೊನೆಗೆ ಉತ್ತರ" ಎಂದರು ಮಾಸ್ತರರು. ನನ್ನ ಹತ್ತಿರ ಉತ್ತರವೇ ಮೊದಲು ಇತ್ತು. ಬನವಾಸಿ ಕಡೆಯ ನಮ್ಮೂರಿನ ಕೆರೆ ಕಟ್ಟಿಸಿದವರು ನಮ್ಮ ಮನೆತನದ ಹಿರಿಯರು. ಅದಕ್ಕೇ ಕೆರೆ ತುಂಬಿದಾಗ ಮೊದಲ ಕಾಯಿ ಒಡೆಯುವ ಮಾನ ಅಪ್ಪನದು. ನಾಲ್ಕು ಸಲ ರೂಪರೇಷೆ ಬರೆದುಕೊಟ್ಟೆ. ನಾಲ್ಕು ಸಲವೂ "ಆಧಾರ ಎಲ್ಲಿ?" ಎಂಬ ಕೆಂಪು ಶಾಯಿಯೊಡನೆ ವಾಪಸು ಬಂತು. ತಲೆ ಕೆಟ್ಟುಹೋಯಿತು. ಊರಿಗೆಲ್ಲ ಗೊತ್ತಿರುವುದಕ್ಕೆ ಇನ್ನೆಂಥ ಆಧಾರ?

ಆಧಾರ ಕೆರೆಯ ತೂಬಿನ ಪಕ್ಕದಲ್ಲೇ ನಿಂತಿತ್ತು. ಹಿರಿಯಜ್ಜನ ಕಲ್ಲೆಂದು ನಾವು ವರ್ಷವರ್ಷವೂ ಎಣ್ಣೆ, ಕುಂಕುಮ ಬಳಿದು ಪೂಜಿಸುತ್ತಿದ್ದ ಕಲ್ಲು ಅದು. ನಮ್ಮ ಭಕ್ತಿಯ ಜಿಡ್ಡಿನಡಿ ಅಕ್ಷರಗಳಿದ್ದದ್ದೇ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಕೆರೆಯ ಬಳಿಯ ಕಲ್ಲಿನಲ್ಲಿ ಶಾಸನ ಇರಬಹುದೆಂದು ಮಾಸ್ತರರು ಹೇಳಿದ್ದರಿಂದ ರಜೆಯಲ್ಲಿ ಊರಿಗೆ ಹೋಗಿ ಸೀಗೆಪುಡಿ ಹಾಕಿ ತಿಕ್ಕಿದೆ, ಅಕ್ಷರ ಎದ್ದು ಕಾಣಲೆಂದು ಅಕ್ಕಿಹಿಟ್ಟು ಸವರಿದೆ. ಮಾಸ್ತರರು ಕೊಟ್ಟಿದ್ದ ಹಳೆಯ ಅಕ್ಷರಗಳ ಪಟ್ಟಿ ಹಿಡಿದು ಎರಡು ದಿನ ಒದ್ದಾಡಿದೆ. ಅಪ್ಪ ಏರಿಯ ಮೇಲೆ ಕುಳಿತು ನೋಡುತ್ತಿದ್ದ.

"ಏನಂತೈತಿ?"

"ಯಾರೋ ಹೆಣ್ಣುಮಗಳು ಸತ್ತ ಮಗನ ನೆನಪಿಗೆ ಕಟ್ಟಿಸ್ಯಾಳಂತ. ಆಕಿ ಹೆಸರೂ ಐತಿ. ನಮ್ಮೋರ ಸುದ್ದೀನ ಇಲ್ಲಪ್ಪಾ."

ಅಪ್ಪ ಎದ್ದು ಮನೆಯ ಕಡೆ ನಡೆದ.

ಈಗ ಏನು ಬರೆಯುವುದು? ನಾನೇ ತಪ್ಪು ಓದಿರಬಹುದೆಂದು ಮತ್ತೆ ಹೋಗಿ ನೋಡಿದೆ. ಅದೇ ಹೆಸರು. ಬರೆದರೆ ಅಪ್ಪನ ಮಾನ ಹೋಗುತ್ತದೆ. ಬರೆಯದಿದ್ದರೆ ಇಷ್ಟು ತಿಕ್ಕಿದ್ದು ಯಾಕೆ? ಒಂದು ಪುಟದಲ್ಲಿ ಬರೆದದ್ದನ್ನು ಇನ್ನೊಂದು ಪುಟದಲ್ಲಿ ಹೊಡೆದುಹಾಕುತ್ತ ವಾರ ಕಳೆಯಿತು. ಕೊನೆಗೆ, "ಅಕ್ಷರಗಳು ಸವೆದಿರುವುದರಿಂದ ಕಟ್ಟಿಸಿದವರ ಹೆಸರು ತಿಳಿಯದು, ಊರಿನ ಒಂದು ರೈತ ಮನೆತನದವರೆಂದು ಹೇಳಿಕೆಯಿದೆ" ಎಂದು ಬರೆದು ಮುಗಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸಿರಸಿಗೆ ಹೊರಟ ಬೆಳಿಗ್ಗೆ ಅಪ್ಪ, "ಏನು ಬರದಿ, ಓದಿ ಹೇಳು" ಎಂದ. ಓದಿದೆ. ಆ ಸಾಲಿಗೆ ಬಂದಾಗ ಕೈಯೆತ್ತಿ ತಡೆದ.

"ಅಕ್ಷರ ಸವದಾವ?"

"ನಿನ್ನ ಸಲುವಾಗಿ ಹಂಗ ಬರದೆ, ಅಪ್ಪಾ."

"ನಮ್ಮಪ್ಪಗ, ನಮ್ಮಜ್ಜಗ ಓದಾಕ ಬರ್ತಿರಲಿಲ್ಲ. ನನಗೂ ಬರೂದಿಲ್ಲ. ಗೊತ್ತಿಲ್ದ ಆಕಿ ಹೆಸರಿನ ಮ್ಯಾಲೆ ಎಣ್ಣಿ ಹಚ್ಚಿದ್ವಿ. ನೀ ಓದಿದಾವ. ನೀ ಯಾಕ ಮುಚ್ಚಿದಿ?"

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬಸ್ಸು ಬಿಟ್ಟು, ಅಪ್ಪನ ಎದುರಿಗೇ ಕುಳಿತು ಆ ಪುಟ ಮತ್ತೆ ಬರೆದೆ.