ಹೊಸ್ತಿಲಲ್ಲಿ ನಿಂತ ರಾಕ್ಷಸ

ರಾಕ್ಷಸ ಬೇರೆ, ದೈತ್ಯ ಬೇರೆ, ಅಸುರ ಬೇರೆ ಎಂದು ಓದಿಕೊಂಡವರು ಈಗ ನನಗೆ ತಿಳಿಹೇಳಲು ಬರುತ್ತಾರೆ. ಹೇಳಲಿ, ಕೇಳುತ್ತೇನೆ. ಭದ್ರಾವತಿಯ ಕಾರ್ಖಾನೆ ಕಾರ್ಮಿಕರ ಲೈನ್ ಮನೆಗಳಲ್ಲಿ ಬೆಳೆದವಳಿಗೆ ಅದೇನು ಹೊಸ ಸುದ್ದಿಯಲ್ಲ. ಅಪ್ಪ ಕುಲುಮೆಯ ಮುಂದೆ ಎರಡು ಪಾಳಿ ಒಟ್ಟಿಗೆ ದುಡಿದು ಬಂದರೆ ಜೊತೆಯವರು "ರಾಕ್ಷಸ ಕಣಯ್ಯ ನೀನು" ಎಂದು ಬೆನ್ನು ತಟ್ಟುತ್ತಿದ್ದರು. ನಾನು ಇನ್ನೊಂದು ರೊಟ್ಟಿ ಕೇಳಿದರೆ ಅಜ್ಜಿಯ ಬಾಯಲ್ಲಿ ಅದೇ ಮಾತು ಬೈಗುಳವಾಗುತ್ತಿತ್ತು.

ಅಜ್ಜಿ ಅಂದರೆ ಅಪ್ಪನ ತಾಯಿ. ಶಿವಮೊಗ್ಗದ ಪೇಟೆಯಲ್ಲಿ ಹುಟ್ಟಿದವಳು, ಹಣೆತುಂಬ ವಿಭೂತಿ, ಮಾತು ಖಡಕ್. ದೀಪಾವಳಿಯಲ್ಲಿ ನರಕಾಸುರ ಸತ್ತನೆಂದು ನಮಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಪಾಡ್ಯ ಬಂದರೆ ತಾನೇ ಸಗಣಿಯಲ್ಲಿ ಬಲೀಂದ್ರನನ್ನು ಮಾಡಿ, ಚೆಂಡುಹೂವು ಸಿಕ್ಕಿಸಿ ಕೈ ಮುಗಿಯುತ್ತಿದ್ದಳು. "ಇವನೂ ಅಸುರನೇ ಅಲ್ವಾ ಅಜ್ಜಿ?" ಎಂದು ಕೆಣಕಿದರೆ, "ಇವನು ಕೊಟ್ಟು ಕೆಟ್ಟವನು ಕಣೇ. ಅವನ ಜೊತೆ ಇವನನ್ನ ಸೇರಿಸ್ಬೇಡ" ಎನ್ನುತ್ತಿದ್ದಳು.

ಇವರ್‍ಯಾರೂ ಅಲ್ಲದ ಇನ್ನೊಂದಿತ್ತು. ಅದಕ್ಕೆ ಅಜ್ಜಿ ಹೆಸರೇ ಇಟ್ಟಿರಲಿಲ್ಲ, "ಅದು" ಅಂತಲೇ ಹೇಳುತ್ತಿದ್ದಳು. ಹೆರಿಗೆಯ ಮನೆಯ ಸುತ್ತ ಸುಳಿಯುವಂಥದ್ದು. ಅವಳ ಒಬ್ಬಳೇ ಮಗಳು, ನನ್ನ ಸೋದರತ್ತೆ, ಚೊಚ್ಚಲ ಹೆರಿಗೆಯಲ್ಲಿ ಹೋಗಿಬಿಟ್ಟಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೆ ಹೆರಿಗೆನೋವು ಬಂದರೂ ಹೊಸ್ತಿಲಿಗೆ ಅಡ್ಡಲಾಗಿ ಕುಡುಗೋಲು, ಬಾಗಿಲಿಗೆ ಬೇವಿನ ಸೊಪ್ಪು.

ಅಪ್ಪನಿಗೆ ನಾಟಕದ ಹುಚ್ಚು. ಕಾರ್ಮಿಕರು ಸೇರಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿದ್ದರು, ರಾಕ್ಷಸನ ಪಾತ್ರ ಅಪ್ಪನನ್ನು ಬಿಟ್ಟು ಬೇರೆಯವರಿಗೆ ಹೋಗುತ್ತಿರಲಿಲ್ಲ. ಆ ಪಾತ್ರಕ್ಕೊಂದು ಕಟ್ಟಳೆಯಿತ್ತು. ಬಣ್ಣ ಹಚ್ಚಿದ ಮುಖದಲ್ಲಿ ಮನೆಯೊಳಗೆ ಕಾಲಿಡುವಂತಿಲ್ಲ, ಹಸುಗೂಸಿನ ಕಣ್ಣಿಗೆ ಬೀಳುವಂತಿಲ್ಲ. ಹೊರಗೇ ತೊಳೆದುಕೊಂಡು, ಉಪ್ಪು ನಿವಾಳಿಸಿಕೊಂಡ ಮೇಲೆಯೇ ಒಳಗೆ. ಅಪ್ಪ ಅದನ್ನು ಅಜ್ಜಿಗಿಂತ ಹೆಚ್ಚು ನಂಬಿದ್ದ.

ಅಮ್ಮ ಮತ್ತೆ ಬಸುರಿಯಾಗಿದ್ದ ವರ್ಷ, ನಾಟಕದ ದಿನವೇ, ಹೆರಿಗೆಗೆ ಇನ್ನೂ ತಿಂಗಳು ಬಾಕಿ ಇರುವಾಗಲೇ, ಅಮ್ಮನಿಗೆ ನೋವು ಶುರುವಾಯಿತು. ಪಕ್ಕದ ಮನೆಯಲ್ಲೊಬ್ಬರು ತಮಿಳಿನ ಅಕ್ಕ ಇದ್ದರು, ಲೈನಿನ ಎಷ್ಟೋ ಹೆರಿಗೆ ಮಾಡಿಸಿದವರು. ಸಂಜೆಯ ಹೊತ್ತಿಗೆ ಅವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ನನ್ನ ಕೈಲಿ ಆಗಲ್ಲ. ಮಗು ಅಡ್ಡ ಇದೆ. ಆಸ್ಪತ್ರೆಗೆ ಬೇಕು, ಈಗ್ಲೇ" ಎಂದರು. ಜಟಕಾ ನಮ್ಮ ಓಣಿಯೊಳಗೆ ಬರುತ್ತಿರಲಿಲ್ಲ. ದೊಡ್ಡ ರಸ್ತೆಯವರೆಗೆ ಅಮ್ಮನನ್ನು ಯಾರಾದರೂ ಎತ್ತಿಕೊಂಡೇ ಹೋಗಬೇಕು. ಗಂಡಸರೆಲ್ಲ ಪಾಳಿಯಲ್ಲಿ ಇಲ್ಲವೇ ನಾಟಕದ ಚಪ್ಪರದಲ್ಲಿ. ಯಾರೋ ಓಡಿ ಹೋಗಿ ಸುದ್ದಿ ಮುಟ್ಟಿಸಿದರು.

ಅಪ್ಪ ಬಂದ. ಮುಖವೆಲ್ಲ ಕೆಂಪು, ಹುಬ್ಬು ಕಿವಿಯವರೆಗೆ, ಕೆನ್ನೆಯ ಮೇಲೆ ಬಿಳಿಯ ಕೋರೆದಾಡೆ ಬರೆದಿತ್ತು. ಹುಟ್ಟಿದಾರಭ್ಯ ನೋಡಿದ ಅಪ್ಪನೇ ಆದರೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಎರಡೂ ಕೈ ಚೌಕಟ್ಟಿನ ಮೇಲೆ.

"ಬೇಡ ಕಣೋ ಮಗಾ. ತೊಳ್ಕೊಂಡು ಬಾ."

"ಅವ್ವ, ಎಣ್ಣೆಬಣ್ಣ ಇದು. ಬೇಗ ಹೋಗಲ್ಲ."

"ಹೋಗೋವರೆಗೂ ತಿಕ್ಕು. ಒಬ್ಬಳನ್ನ ಕಳ್ಕೊಂಡಿದೀನಿ. ಈ ಮುಖ ಇಟ್ಕೊಂಡು ನೀನು ಒಳಗೆ ಬಂದ್ರೆ ಅದೂ ನಿನ್ನ ಹಿಂದೆನೇ ಬರುತ್ತೆ."

ಅಪ್ಪ ಹೊಸ್ತಿಲಿನ ಆಚೆಯೇ ನಿಂತುಬಿಟ್ಟ. ಎರಡು ಪಾಳಿ ದುಡಿಯುವ ಆಳು, ಕಾಲು ಕಿತ್ತಿಡಲಾರದೆ ನಿಂತಿದ್ದ. ಅಂಗಳದ ನೀರಿನ ತೊಟ್ಟಿಯ ಕಡೆ ಒಮ್ಮೆ ನೋಡುತ್ತಿದ್ದ, ಬಾಗಿಲ ಕಡೆ ಒಮ್ಮೆ. ನನಗೆ ಇಬ್ಬರ ಮೇಲೂ ಉರಿದುಹೋಗುತ್ತಿತ್ತು.

ತಮಿಳಿನ ಅಕ್ಕ ಅಜ್ಜಿಯ ತೋಳು ಹಿಡಿದರು. "ದೊಡ್ಡಮ್ಮ, ನಮ್ಮೂರ ಗಡೀಲಿ ಮುನಿ ಅಂತ ಕಾವಲುದೇವ್ರು ಇದಾರೆ. ಇಷ್ಟು ದೊಡ್ಡ ಕಣ್ಣು, ಇಷ್ಟು ದೊಡ್ಡ ಕೋರೆಹಲ್ಲು. ಊರು ಕಾಯೋದೇ ಅವ್ರು. ಬಸುರೀನ ಹಿಡಿಯೋ ದೆವ್ವ ಕಾಟೇರಿ ಆ ಮೂತಿ ನೋಡಿದ್ರೆ ಓಡೋಗುತ್ತೆ. ಬಿಡಿ, ಬರ್ಲಿ ಒಳಗೆ."

"ಅದು ನಿಮ್ಮೂರ ದೇವರು. ಇದು ನಾಟಕದ ರಾಕ್ಷಸ" ಎಂದಳು ಅಜ್ಜಿ. ಕೈ ತೆಗೆಯಲಿಲ್ಲ.

ಅಷ್ಟರಲ್ಲಿ ಒಳಗೆ ಅಮ್ಮನ ನರಳಾಟ ನಿಂತಿತು. ಅಷ್ಟು ಹೊತ್ತು ಕೇಳಿ ಕೇಳಿ ರೋಸಿಹೋಗಿದ್ದ ಸದ್ದು, ಈಗ ಅದೇ ಮತ್ತೆ ಬರಲಿ ಎಂದು ಕಿವಿಗೊಟ್ಟೆ. ಅಜ್ಜಿ ತಿರುಗಿ ಕೋಣೆಯ ಕಡೆ ನೋಡಿದಳು. ಆಮೇಲೆ ಬಗ್ಗಿ ತಾನೇ ಕುಡುಗೋಲು ಪಕ್ಕಕ್ಕೆ ಸರಿಸಿ, "ಬಾ" ಎಂದಳು. "ಹಾಗೇ ಬಾ."

ಅಪ್ಪ ಅಮ್ಮನನ್ನು ಕಂಬಳಿ ಸಮೇತ ಎತ್ತಿಕೊಂಡು ಓಣಿಯಲ್ಲಿ ಓಡಿದ. ಅಮ್ಮ ಒಮ್ಮೆ ಕಣ್ಣು ತೆರೆದು ಆ ಮುಖ ನೋಡಿದಳು, ಮತ್ತೆ ಮುಚ್ಚಿಕೊಂಡಳು. ಜಟಕಾದ ಕುದುರೆ ಬೆದರಿತು, ಗಾಡಿ ಹೊಡೆಯುವ ಸಾಬರು ಅದರ ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನು ಹತ್ತಿಸಿಕೊಂಡರು.

ಆಸ್ಪತ್ರೆಯಲ್ಲಿ ಅಮ್ಮ ಉಳಿದಳು. ಡಾಕ್ಟರು ಹೊರಗೆ ಬಂದು ಹಾಗೆಂದಾಗ ಅಪ್ಪ ನೆಲದ ಮೇಲೆ ಕುಕ್ಕರಿಸಿದ. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದರು. "ಗಂಡು. ಉಸಿರಾಟ ಸರಿಯಿಲ್ಲ. ಒಂದ್ಸಲ ಎತ್ಕೊಳ್ಳಿ" ಎಂದರು ಮೆಲ್ಲಗೆ.

ಅಪ್ಪ ದಡಕ್ಕನೆ ಗೋಡೆಯ ಕಡೆ ಮುಖ ತಿರುಗಿಸಿದ. "ಈ ಮೂತೀಲಿ ಬೇಡ. ತೊಳ್ಕೊಂಡು ಬರ್ತೀನಿ."

"ಪರವಾಗಿಲ್ಲ, ಅದಕ್ಕೇನು ಗೊತ್ತಾಗುತ್ತೆ" ಎಂದರು ನರ್ಸಮ್ಮ.

"ಇಲ್ಲ ತಾಯಿ. ಬಂದೆ."

ಆಸ್ಪತ್ರೆಯ ಹಿತ್ತಲ ನಲ್ಲಿಯ ಬಳಿ ಬಟ್ಟೆಸೋಪು ಸಿಕ್ಕಿತು. ಅದಕ್ಕೆ ಆ ಎಣ್ಣೆಬಣ್ಣ ಬಗ್ಗುತ್ತದೆಯೇ? ಮರಳು ತೆಗೆದುಕೊಂಡು ತಿಕ್ಕಿದ, ಪಂಚೆಯ ತುದಿಯಲ್ಲಿ ಒರೆಸಿದ, ಮತ್ತೆ ತಿಕ್ಕಿದ. "ಹೋಯ್ತಾ ನೋಡು" ಎಂದ. "ಹೋಯ್ತು, ಬಾ ಅಪ್ಪ" ಎಂದೆ. "ಕಿವಿ ಹಿಂದೆ?" ಎಂದು ಮತ್ತೆ ನೀರು ಹಾಕಿಕೊಂಡ. ಕೆಂಪು ಹೋಗಿ ಅವನ ಚರ್ಮವೇ ಕೆಂಪಾಗಿತ್ತು.

ನಾವು ತಿರುಗಿ ಬರುವಷ್ಟರಲ್ಲಿ ನರ್ಸಮ್ಮ ಬಟ್ಟೆಯನ್ನು ಮಗುವಿನ ಮುಖದ ಮೇಲಕ್ಕೆ ಎಳೆದಿದ್ದರು. ಅಪ್ಪ ಆಗ ಎರಡೂ ಕೈ ಚಾಚಿ ಎತ್ತಿಕೊಂಡ.

ಅಮ್ಮ ಮನೆಗೆ ಬಂದ ಮೇಲೆ ಅಜ್ಜಿ ಅವಳ ಕಾಲ ಬಳಿ ಕೂತು ಅತ್ತಳು. "ನಾನೇ ಬಿಟ್ಕೊಂಡೆ ಕಣೇ ಆ ಮುಖನ ಒಳಗೆ. ನಾನೇ ಕೈಯಾರೆ ಬಿಟ್ಕೊಂಡೆ" ಎಂದು ತಲೆ ಚಚ್ಚಿಕೊಂಡಳು. ಅಪ್ಪ ಹೊರಗೆ ಜಗುಲಿಯ ಮೇಲಿದ್ದ, ಎಲ್ಲ ಕೇಳಿಸುತ್ತಿತ್ತು.

ಅತ್ತೆಗೆ ಎದುರಾಡದ ಅಮ್ಮ ಅವತ್ತು ಎದ್ದು ಕೂತಳು. "ಆ ಮುಖನೇ ಅತ್ತೆ ನನ್ನನ್ನ ಹೊತ್ಕೊಂಡು ಹೋಗಿದ್ದು. ನನಗೆ ಅದರಿಂದ ಏನೂ ಆಗ್ಲಿಲ್ಲ" ಎಂದಳು. "ಅದೇ ಮುಖದಲ್ಲಿ ಅವನನ್ನೂ ಒಂದು ಗಳಿಗೆ ಎತ್ಕೊಂಡಿದ್ರೆ, ನನ್ನ ಮಗ ಅವರಪ್ಪನ ಕೈಲಿ ಇದ್ದು ಹೋಗ್ತಿದ್ದ."