ಎರಡು ಸಿಂಹಗಳ ನಡುವೆ ಸುಬ್ರಮಣಿ ಅಣ್ಣ

ಕಾಮಾಕ್ಷಿಪಾಳ್ಯದಲ್ಲಿ ಯಾರ ಹುಟ್ಟುಹಬ್ಬದ ಬ್ಯಾನರ್ ಮೇಲೇರಬೇಕಿದ್ದರೂ ಸುಬ್ರಮಣಿ ಅಣ್ಣನೇ ಕಂಬ ಹತ್ತಬೇಕಿತ್ತು. ಇಪ್ಪತ್ತು ವರ್ಷ ಕಂಡಕಂಡವರ ಮುಖ ಮೇಲೇರಿಸಿದ ಆ ಮನುಷ್ಯನ ಮುಖ ರೇಷನ್ ಕಾರ್ಡ್ ಬಿಟ್ಟರೆ ಇನ್ನೆಲ್ಲೂ ಅಚ್ಚಾಗಿರಲಿಲ್ಲ. ನನಗೆ ಫ್ಲೆಕ್ಸ್ ಕೆಲಸ ಕಲಿಸಿದ ಗುರುಗಳು ಅವರೇ. "ಯಾವನೇ ಆಗ್ಲಿ ಜೀವನ್, ಮೊದ್ಲು ಸೂಟ್ ಹಾಕ್ಸು, ಆಮೇಲೆ ಕೂಲಿಂಗ್ ಗ್ಲಾಸು. ಹೆಸರು ಬೇಡ, 'ಅಣ್ಣ' ಅಂದ್ರೆ ಸಾಕು. ಜನ ತಾವಾಗೇ ಹೆದರ್ಕೋತಾರೆ" ಎಂಬುದು ಮೊದಲ ಪಾಠ.

ಅವರಿಗಿದ್ದದ್ದು ಒಂದೇ ಆಸೆ: ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಸರ್ಕಾರಿ ಜೀಪಿನಲ್ಲಿ ಕೂರಬೇಕು. ನಲವತ್ತಾರನೇ ವಯಸ್ಸಿಗೆ, ಗುತ್ತಿಗೆ ಮೇಲೆ, ಅದು ಕೈಗೂಡಿತು. ಮೂರು ತಿಂಗಳೊಳಗೆ ಒಂದು ದೂರು ಬಂದರೂ ಮನೆಗೆ ಕಳಿಸುತ್ತಾರಂತೆ.

"ಎಂಥಾ ಕೆಲ್ಸ ಅಣ್ಣಾ?" ಎಂದು ಕೇಳಿದೆ.

"ಜೀಪಲ್ಲಿ ಓಡಾಡೋದು ಕಣೋ" ಎಂದು ಮಾತು ಹಾರಿಸಿದರು. ದೊಡ್ಡ ಹುದ್ದೆಯೇ ಇರಬೇಕು, ಹೇಳಿಕೊಳ್ಳಲು ಸಂಕೋಚ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಅಭಿಮಾನಿ ಬಳಗ ಎಂದರೆ ನಾವು ಐದು ಜನ. ಬ್ಯಾನರಿನ ಕೆಳಗಿನ ಸಾಲಿನಲ್ಲಿ ನಮ್ಮಲ್ಲಿ ಯಾರ ಫೋಟೊ ಮೊದಲು ಎಂದು ಎರಡು ದಿನ ಕಿತ್ತಾಡಿ, ಕೊನೆಗೆ ಹನ್ನೆರಡಡಿಯದನ್ನು ಮಾಡಿದೆವು. ಅಣ್ಣನಿಗೆ ನೀಲಿ ಸೂಟು, ಕಪ್ಪು ಕನ್ನಡಕ, ಅಕ್ಕಪಕ್ಕ ಎರಡು ಸಿಂಹ. 'ನೆಚ್ಚಿನ ಅಣ್ಣನವರಿಗೆ ಹಾರ್ದಿಕ ಅಭಿನಂದನೆಗಳು.' ಅವರು ಕೆಲಸಕ್ಕೆ ಸೇರಿದ ದಿನವೇ ಮಾಗಡಿ ರೋಡಿನ ಬಸ್ ಸ್ಟಾಪಿನ ಬಳಿ ಅದನ್ನು ಕಟ್ಟಿ, ಹಾರ ಹಿಡಿದು ನಿಂತೆ.

ಜೀಪು ಬಂತು. ಮುಂದೆ 'ಅನಧಿಕೃತ ಬ್ಯಾನರ್ ತೆರವು' ಎಂಬ ಬೋರ್ಡು. ಅಣ್ಣ ಕೈಯಲ್ಲಿ ಕುಡುಗೋಲು ಹಿಡಿದು ಇಳಿದರು. ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಇದು ಇವರದೇ ಬ್ಯಾನರ್ ಎಂದು ಗೊತ್ತಾದರೆ ಮೊದಲ ದಿನವೇ ಕೆಲಸ ಹೋಗುತ್ತದೆ.

ಜೊತೆಗಿದ್ದ ಸಾಹೇಬರು, "ಇದು ಅವ್ರದ್ದು, ಬಿಡಿ. ಇದು ಅವ್ರ ಭಾಮೈದಂದು, ಬಿಡಿ" ಎನ್ನುತ್ತಾ ಮೂರು ಬ್ಯಾನರ್ ದಾಟಿ ನಮ್ಮದರ ಮುಂದೆ ನಿಂತರು. ಸಿಂಹಗಳನ್ನು ನೋಡಿ ದನಿ ತಗ್ಗಿಸಿದರು. "ಇವ್ರು ಯಾರ್ರೀ? ಯಾರೋ ದೊಡ್ಡವ್ರೇ ಇರ್ಬೇಕು. ಬಿಡಿ, ಮೇಲಿಂದ ಫೋನ್ ಬಂದ್ರೆ ಕಷ್ಟ."

ಹೂಂ ಅಂದುಬಿಡಿ ಅಣ್ಣಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹೂಂ ಎಂದರೆ ಕೆಲಸವೂ ಉಳಿಯುತ್ತಿತ್ತು, ಸೂಟೂ ಉಳಿಯುತ್ತಿತ್ತು. ಅಣ್ಣ ತಲೆಯೆತ್ತಿ ತಮ್ಮನ್ನೇ ತಾವು ಬಹಳ ಹೊತ್ತು ನೋಡಿಕೊಂಡರು.

"ದೊಡ್ಡವ್ರು ಯಾರೂ ಅಲ್ಲ ಸಾರ್. ನಾನೇ."

ಸಾಹೇಬರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರು ಬಿಟ್ಟರು. "ಅಯ್ಯೋ, ನೀವೇನಾ? ಅಷ್ಟೇ ತಾನೇ? ಬೇಗ ಇಳಿಸ್ರೀ. ಇವತ್ತು ಒಂದಾದ್ರೂ ಸಿಕ್ತಲ್ಲ!"

ನನಗೆ ಅಳು ಬಂತು. ಅಣ್ಣ ಮಾತ್ರ ಕಂಬ ಹತ್ತಿ, ಹಗ್ಗ ಕೊಯ್ದು, "ಗಂಟು ಚೆನ್ನಾಗ್ ಹಾಕಿದೀಯ ಕಣೋ" ಎಂದರು. ಕೆಳಗಿಳಿದವರ ಕೊರಳಿಗೆ ಹಾರ ಹಾಕಿದೆ. ಅವರು ಐಡಿ ಕಾರ್ಡನ್ನು ಹಾರದ ಅಡಿಯಿಂದ ಎಳೆದು ಮೇಲೆ ಕಾಣುವಂತೆ ಸರಿಮಾಡಿಕೊಂಡು, ಹೋಗಿ ಜೀಪಿನಲ್ಲಿ ಕುಳಿತರು.