ಬಾವಿಕಟ್ಟೆಯ ಪಕ್ಕದ ಖಾಲಿ ಜಾಗ

ಸೌದಿಯ ಜುಬೈಲ್‌ಗೆ ಕೆಲಸಕ್ಕೆ ಬಂದ ಮರುದಿನ ಕಂಪನಿ ಕ್ಯಾಂಪಿನ ವರಾಂಡದಲ್ಲಿ ಒಬ್ಬ ಟ್ಯೂಬ್‌ಲೈಟ್ ಬದಲಿಸುತ್ತಿದ್ದ. ಏಣಿ ಹತ್ತುವ ಮೊದಲು ಸೊಂಟಕ್ಕೆ ಬೆಲ್ಟ್ ಕಟ್ಟಿ, ಅದರ ಕೊಕ್ಕೆಯನ್ನು ಕಬ್ಬಿಣದ ತೊಲೆಗೆ ಸಿಕ್ಕಿಸಿ, ಎರಡು ಸಲ ಜಗ್ಗಿ ನೋಡಿದ. ಎಂಟಡಿ ಎತ್ತರಕ್ಕೆ ಇಷ್ಟೆಲ್ಲ ಶಾಸ್ತ್ರ. ನಗು ಬರಬೇಕಿತ್ತು, ಬರಲಿಲ್ಲ.

ಊರಿನಲ್ಲಿ ನಾನು ಸಿನಿಮಾ ನಿರ್ದೇಶಕ. ನನ್ನ ಲೈಟ್‌ಮ್ಯಾನ್ ಸದಾಶಿವ ಒದ್ದೆ ಅಟ್ಟಣಿಗೆಯನ್ನೂ ಬರಿಗಾಲಲ್ಲಿ ಹತ್ತುವವನು. ಶುಭಶಕುನವೆಂದು ಪ್ರತಿ ಚಿತ್ರದಲ್ಲೂ ಒಂದು ಶಾಟ್‌ನಲ್ಲಿ ನಟರ ಹಿಂದೆ ಅವನು ನಡೆದುಹೋಗುವಂತೆ ಮಾಡುತ್ತಿದ್ದೆ. ಮೂರನೆಯ ಚಿತ್ರದ ಕೊನೆಯ ದಿನ, “ಇನ್ನು ಸ್ವಲ್ಪ ಮೇಲೆ” ಎಂದು ನಾನೇ ಕೂಗಿದೆ. ಅವನು ಬಿದ್ದ, ಏಳಲಿಲ್ಲ. ಕುಡಿದು ಬಿದ್ದನೆಂದರು ನಿರ್ಮಾಪಕರು. ಕುಡಿದಿರಲಿಲ್ಲ, ಬೆಲ್ಟ್ ಕೊಟ್ಟಿರಲಿಲ್ಲ ಎಂದು ನಾನು ಪತ್ರಿಕೆಗೆ ಹೇಳಿದೆ. ಅಂದಿನಿಂದ ಚಿತ್ರರಂಗದ ಯಾರೂ ನನ್ನ ಫೋನ್ ಎತ್ತಲಿಲ್ಲ. ನಿಷೇಧವೆಂದು ಯಾರೂ ಬರೆದುಕೊಡಲೂ ಇಲ್ಲ. ನಾಲ್ಕನೆಯ ಚಿತ್ರವನ್ನು ಸಹಾಯಕನ ಹೆಸರಿನಲ್ಲಿ ಮಾಡಿದೆ. ಕುರ್ಚಿಯಲ್ಲಿ ಅವನು, ಹಿಂದೆ ಊಟದ ಉಸ್ತುವಾರಿಯ ವೇಷದಲ್ಲಿ ನಾನು. ಯಾರಿಗೂ ಹೇಳುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದೆ; ಬಾಯಿಬಿಟ್ಟರೆ ಅವನ ಅನ್ನಕ್ಕೂ ಕಲ್ಲು.

ಇಲ್ಲಿ ಇಕಾಮಾ, ಅಂದರೆ ವಾಸದ ಗುರುತಿನ ಚೀಟಿ, ಇಲ್ಲದೆ ಗೇಟು ದಾಟುವಂತಿಲ್ಲ. ಅಲ್ಲಿ ಪರದೆಯಿಂದ ಅಳಿಸಿದ ಹೆಸರನ್ನು ಇಲ್ಲಿ ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ನನ್ನ ಕೆಲಸ ಪರ್ಮಿಟ್ ಬರೆಯುವುದು. ನನ್ನ ಸಹಿಯಿಲ್ಲದೆ ಯಾರೂ ಎತ್ತರಕ್ಕೆ ಹತ್ತುವಂತಿಲ್ಲ. ಒಣ ಖುಬ್ಬೂಸ್ ರೊಟ್ಟಿ ಗಂಟಲಲ್ಲಿ ಇಳಿಯಲು ಒಂದು ತಿಂಗಳು ಹಿಡಿಯಿತು. ಸಹಿ ಹಾಕುವ ಮೊದಲು ಪ್ರತಿ ಕೊಕ್ಕೆಯನ್ನೂ ನಾನೇ ಜಗ್ಗಿ ನೋಡುವುದು ಇನ್ನೂ ನಿಂತಿಲ್ಲ.

ರೂಮಿನ ಜೊತೆಗಾರ ಹಮೀದ್ ಬಂಟ್ವಾಳದ ಬ್ಯಾರಿ, ಕಂಪನಿ ಬಸ್ಸಿನ ಚಾಲಕ. ಕಳೆದ ಶುಕ್ರವಾರ ಮೀನುಸಾರು ಉಂಡು ಅವನು ಟಿವಿಯಲ್ಲಿ ಹಾಕಿದ್ದು ಆ ನಾಲ್ಕನೆಯ ಚಿತ್ರವನ್ನೇ. ಸಹಾಯಕನ ಹೆಸರು ಬಂದಾಗ ನಾನು ಗೋಡೆ ನೋಡಿದೆ. ಅರ್ಧದಲ್ಲಿ ಹಮೀದ್ ಚಿತ್ರ ನಿಲ್ಲಿಸಿದ.

“ಎಂತ ಮಾರಾಯ್ರೆ ಇದು, ಬಾವಿಕಟ್ಟೆ ಹತ್ರ ಬರೀ ಖಾಲಿ ಜಾಗ ತೋರಿಸ್ತಾ ಇದ್ದಾರೆ. ಯಾರೋ ಬರ್ಲಿಕ್ಕುಂಟು ಅಂತ ಕಾಣ್ತದೆ, ಬರುದೇ ಇಲ್ಲ.”

“ಬರ್ಬೇಕಾದವ ಸತ್ತಿದ್ದ.”

“ನಿಮಗೆ ಹೇಗೆ ಗೊತ್ತು?”

ಕೊಟ್ಟ ಮಾತು ಮುರಿದು ಎಲ್ಲವನ್ನೂ ಹೇಳಿದೆ. ಊರಿಗೆ ಹೋಗಿ ಚಿತ್ರ ನಿಮ್ಮದೆಂದು ಹೇಳಿ ಎನ್ನುತ್ತಾನೆ ಅಂದುಕೊಂಡಿದ್ದೆ. ಅವನು ಬೇರೆಯದನ್ನೇ ಕೇಳಿದ.

“ಮೇಲೆ ಹತ್ತು ಅಂತ ಕೂಗಿದ್ದು ನೀವು ಅಲ್ವಾ. ಅದನ್ನೂ ಪೇಪರಿನವರಿಗೆ ಹೇಳಿದ್ರಾ?”

ಹೇಳಿರಲಿಲ್ಲ. ಸದಾಶಿವನ ಹೆಂಡತಿಗೂ ಹೇಳಿಲ್ಲ. ಸತ್ಯ ಹೇಳಿ ಕೆಲಸ ಕಳೆದುಕೊಂಡವನೆಂದು ಇಷ್ಟು ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ನಾಚಿಕೆಯಾಯಿತು.

ರಜೆ ಬರುತ್ತಿದೆ. ಊರಿಗೆ ಹೋದರೆ ಸದಾಶಿವನ ಹೆಂಡತಿಯ ಅಂಗಳ ದಾಟಬೇಕು. ಇಲ್ಲೇ ಉಳಿದರೆ ಪ್ರತಿ ಏಣಿಯ ಮೇಲೂ ಅವನೇ ಕಾಣುತ್ತಾನೆ.

ಶನಿವಾರ ಬೆಳಿಗ್ಗೆ ಕಂಬ ಹತ್ತಿದ್ದ ಕೆಲಸಗಾರ ಕೆಳಗೆ ನೋಡಿ, ಇನ್ನೂ ಸ್ವಲ್ಪ ಮೇಲೆ ಹೋಗಲೇ ಎಂದು ಹಿಂದಿಯಲ್ಲಿ ಕೇಳಿದ. ಬೆಲ್ಟ್ ಇತ್ತು, ಕೊಕ್ಕೆ ಬಿಗಿಯಾಗಿತ್ತು, ಪರ್ಮಿಟ್‌ನಲ್ಲಿ ನನ್ನ ಹೆಸರಿತ್ತು. ಹೂಂ ಅನ್ನಬಹುದಿತ್ತು. ಇಳಿದು ಬಾ ಎಂದೆ.